ಮುಲಾಮಿನ ವಾಸನೆ

ನನ್ನ ಬಲ ಮೊಣಕೈಯ ಹೊರಬದಿ ನೋಯಲು ಶುರುವಾಗಿ ಎರಡು ತಿಂಗಳಾಯಿತು. ಗುರುತಿರುವ ನೋವೇ. ರೇಷ್ಮೆಗೆ ಒಳ್ಳೆಯ ಕಾಲವಿದ್ದಾಗ ಇದು ನನ್ನ ಗಂಡನಿಗೆ ಬಂದಿತ್ತು. ಅವರು ತೀರಿಕೊಂಡು ಮುಂದಿನ ತಿಂಗಳಿಗೆ ವರ್ಷವಾಗುತ್ತದೆ.

ಆಗ ಕಬ್ಬಾಳಿನ ಹತ್ತಿರದ ನಮ್ಮ ಮನೆಯಲ್ಲಿ ಹುಳವಿಲ್ಲದ ತಿಂಗಳೇ ಇರಲಿಲ್ಲ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿದ ಮೇಲೆ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅವರು ಬೆಳಿಗ್ಗೆ, ಸಂಜೆ ಕುಡುಗೋಲಿನಲ್ಲಿ ಹಿಪ್ಪುನೇರಳೆ ಕಡ್ಡಿ ಕೊಯ್ದು ಹೊರೆ ತರುತ್ತಿದ್ದರು. ಒಂದು ದಿನ ಅವರ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು.

ಕನಕಪುರದ ಡಾಕ್ಟರು ಅದಕ್ಕೆ ಟೆನಿಸ್ ಎಲ್ಬೊ ಎಂದರು. ಕೆಲವು ವಾರ ಕುಡುಗೋಲು ಬಿಡಬೇಕು, ಏನನ್ನೇ ಎತ್ತಿದರೂ ಅಂಗೈ ಮೇಲ್ಮುಖವಾಗಿರಬೇಕು, ಮರಳು ತುಂಬಿದ ಸೀಸೆ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಕೆಳಗಿಳಿಸುತ್ತಾ ಅಭ್ಯಾಸ ಮಾಡಬೇಕು ಎಂದೂ ಹೇಳಿದರು.

"ಟೆನಿಸಂತೆ! ನೀನ್ಯಾವಾಗ್ಲಾ ಆಡ್ದೆ?" ಅತ್ತೆ ಮಗನನ್ನು ಕೇಳಿದರು.

"ಆಡ್ದೆ ಇದ್ರೂ ಬತ್ತದಂತೆ ಕಣವ್ವ. ನಿನ್ ಹುಳಾನೇ ಆಡಿಸ್ತಾವಲ್ಲ."

ಮಾರನೆಯ ದಿನ ಅವರು ಮೊಣಕೈಗೆ ಮುಲಾಮು ತಿಕ್ಕಿಕೊಂಡು ಹುಳದ ಮನೆಗೆ ಬಂದರು. ಘಾಟು ವಾಸನೆ ಹುಳಕ್ಕೆ ಆಗುವುದಿಲ್ಲ. ನಮ್ಮಲ್ಲಿ ಬೀಡಿ ಸೇದಿದವರನ್ನೂ ಹೊಸಿಲು ದಾಟಿಸುತ್ತಿರಲಿಲ್ಲ.

"ಹುಳ ಸತ್ತೋದ್ರೆ? ಆಚೆಗ್ ನಡೀರಿ," ಎಂದೆ.

ಅವರು ತೊಟ್ಟಿಯ ಹತ್ತಿರ ಸೋಪು ಹಾಕಿ ತೊಳೆದುಕೊಂಡು ಬಂದರು. ನಾನು ತೋಳನ್ನು ಮೂಸಿ ನೋಡಿ ಒಳಗೆ ಬಿಟ್ಟೆ. ಅವರು ಮುಲಾಮನ್ನು ಮತ್ತೆ ಮುಟ್ಟಲಿಲ್ಲ. ಕುಡುಗೋಲನ್ನೂ ಬಿಡಲಿಲ್ಲ. ಆ ಸಲ ಗೂಡು ಚೆನ್ನಾಗಿ ಬಂತು. ಅವರ ಕೈ ಸರಿಹೋಗಲು ಒಂದು ವರ್ಷ ಹಿಡಿಯಿತು.

ಅವರು ಹೋದ ಮೇಲೆ ಸೊಪ್ಪು ಕೊಯ್ಯುವುದು ನನ್ನ ಪಾಲಿಗೆ ಬಂತು, ಜೊತೆಗೆ ನೋವೂ. ಮರಳಿನ ಸೀಸೆ ಇನ್ನೂ ಕಿಟಕಿಯಲ್ಲೇ ಇತ್ತು. ಈಗ ದಿನವೂ ಅದನ್ನು ಹಿಡಿದು ಮಣಿಕಟ್ಟನ್ನು ಇಳಿಸುತ್ತೇನೆ. ಹುಳ ಮತ್ತೆ ನಾಲ್ಕನೇ ಜ್ವರದಿಂದ ಎದ್ದಿದೆ. ಈ ಸಲ ಸೊಪ್ಪು ಕೊಯ್ಯಲು ಪಕ್ಕದ ಮನೆಯವಳನ್ನು ಮುಯ್ಯಿಗೆ ಕರೆದಿದ್ದೇನೆ. ಅದಕ್ಕೆ ಬದಲಾಗಿ ಅವಳ ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದಾಗ ಆಯ್ದುಕೊಡಲು ನಾನು ಹೋಗಬೇಕು. ಅದು ಬೆರಳಿನ ಕೆಲಸ, ಮಾಡಬಲ್ಲೆ.

ನಿನ್ನೆ ಅವಳು ಹೊರೆ ಇಳಿಸಿ, "ಕೈ ಹೆಂಗೈತೆ ಅಕ್ಕಾ?" ಎಂದಳು.

ಆ ದಿನಗಳಲ್ಲಿ ನಾನು ಅವರನ್ನು ಇಷ್ಟನ್ನೂ ಕೇಳಿರಲಿಲ್ಲ.

"ನೋಯ್ತದೆ ಕಣವ್ವ," ಎಂದೆ. "ಇನ್ನೊಂದೊಸಿ ದಿನ ನೀನೇ ಕುಯ್ಯಿ."