ಒಂದು ಈಕ್ವಲ್, ಎರಡು ಈಕ್ವಲ್ ಮತ್ತು ನಮ್ಮ ಮೇಡಂ

ಮೊನ್ನೆ ನಿಟ್ಟೂರಿನ ಪರಿಚಯದವರೊಬ್ಬರು ಮಿಡಿ ಉಪ್ಪಿನಕಾಯಿಯ ಬಾಟಲಿ ಕೊಟ್ಟುಹೋದರು. ಮುಚ್ಚಳ ತೆಗೆದು ಮಾವಿನ ಸೊನೆಯ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ನೆನಪಾದದ್ದು ಯಾವ ಅಡುಗೆಮನೆಯೂ ಅಲ್ಲ, ಹೊಸನಗರದ ಒಂದು ಕಂಪ್ಯೂಟರ್ ಲ್ಯಾಬು... ಮತ್ತು ಅಲ್ಲಿನ ನಮ್ಮ ಮೇಡಂ.

ಆಗ ನಾನು ಡಿಪ್ಲೊಮಾ ಓದುತ್ತಿದ್ದೆ. ಸಿ ಭಾಷೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಫೇಲಾಗಿದ್ದೆ. ಹೆಸರಿನ ಮುಂದೆ ‘ಪಿ’ ಅಕ್ಷರ ಇದ್ದವರನ್ನು ಮಾತ್ರ ಪಾಸ್ ಎಂದು ತೋರಿಸುವ ಪ್ರೋಗ್ರಾಂ ಬರೆಯಬೇಕಿತ್ತು. ಎರಡು ಈಕ್ವಲ್ ಚಿಹ್ನೆ ಹಾಕಬೇಕಾದಲ್ಲಿ ನಾನು ಒಂದೇ ಹಾಕಿದ್ದೆ. ನನ್ನ ಪ್ರೋಗ್ರಾಂ ಮಹಾ ಧಾರಾಳಿ, ಎಲ್ಲರ ಹೆಸರಿನ ಮುಂದೆಯೂ ತಾನೇ ‘ಪಿ’ ಬರೆದು, ಪರೀಕ್ಷೆಗೇ ಬಾರದವರನ್ನೂ ಪಾಸ್ ಮಾಡಿತು. ಫೇಲಾದದ್ದು ನಾನು ಮಾತ್ರ.

ಮೇಡಂ ಬೈಯಲಿಲ್ಲ. ಮಧ್ಯಾಹ್ನ ನಾವೆಲ್ಲ ಬುತ್ತಿ ಬಿಚ್ಚಿ ಕೂತಿದ್ದಾಗ ತಮ್ಮ ಉಪ್ಪಿನಕಾಯಿ ಡಬ್ಬಿ ಹಿಡಿದು ಬಂದರು. ನನ್ನ ಮೊಸರನ್ನದ ಮೇಲಿದ್ದ ನಿಂಬೆ ಉಪ್ಪಿನಕಾಯಿಯನ್ನು ತೆಗೆದು ಆ ಜಾಗದಲ್ಲಿ ಒಂದು ಮಿಡಿ ಇಟ್ಟರು. ಒಂದು ಈಕ್ವಲ್ ಅಂದರೆ ಇದು, ಮೊದಲಿದ್ದದ್ದು ಹೋಯಿತು, ಹೊಸದು ಬಂತು, ನಿನ್ನನ್ನು ಯಾರೂ ಕೇಳಲಿಲ್ಲ ಎಂದರು. ಆಮೇಲೆ ಪಕ್ಕದವಳ ಹತ್ತಿರ ಹೋಗಿ, ಮಿಡಿ ಇದ್ಯಾ ಎಂದು ಕೇಳಿ, ಇಲ್ಲ ಎಂಬ ಉತ್ತರ ಪಡೆದು, ಏನೂ ಹಾಕದೆ ವಾಪಸು ಬಂದರು. ಎರಡು ಈಕ್ವಲ್ ಬರೀ ಕೇಳುತ್ತದೆ, ಬುತ್ತಿಯನ್ನು ಮುಟ್ಟುವುದಿಲ್ಲ. ಪಾಪ, ಊಟ ಮುಗಿಯುವವರೆಗೂ ಅವಳ ಕಣ್ಣು ನನ್ನ ಮಿಡಿಯ ಮೇಲೇ ಇತ್ತು.

ಇದೂ ಇದೆಯೇ, ಅದೂ ಇದೆಯೇ ಎಂದು ಎರಡನ್ನೂ ಕೇಳಲು ಹಾಕುವ ಒಂದು ಆಂಡ್, ಎರಡು ಆಂಡ್ ಚಿಹ್ನೆಗಳ ಗೊಂದಲವನ್ನೂ ಅಲ್ಲೇ ಬಿಡಿಸಿದರು. “ಅನ್ನನೇ ಇಲ್ಲ ಅಂದ್ಮೇಲೆ ಸಾರು ಇದ್ಯಾ ಅಂತ ಕೇಳೂದು ಎಂತಕ್ಕೆ? ಎರಡು ಆಂಡ್ ಅಲ್ಲೇ ನಿಲ್ಲುತ್ತೆ. ಒಂದೇ ಹಾಕಿದ್ರೆ, ಸಾರಿನ ಪಾತ್ರೆನೂ ಇಣುಕಿ ನೋಡ್ಕಂಡೇ ಬರುತ್ತೆ.”

ಅಷ್ಟರಲ್ಲಿ ಮನೆಯಲ್ಲಿ ನನ್ನ ಓದಿನ ತೀರ್ಮಾನ ಆಗಿಹೋಗಿತ್ತು. ಫೇಲಾದವಳಿಗೆ ಇನ್ನೆಂಥ ಕಂಪ್ಯೂಟರ್, ತೀರ್ಥಹಳ್ಳಿಯ ಚಿಕ್ಕಮ್ಮನ ಟೈಲರಿಂಗ್ ಅಂಗಡಿಯಲ್ಲಿ ಕೂರಲಿ ಎಂದು ಅಪ್ಪ ಹೇಳಿಯಾಗಿತ್ತು. ನಾನು ಕ್ಲಾಸಿಗೆ ಹೋಗುವುದು ನಿಂತಿತು. ಒಂದು ಭಾನುವಾರ ಮೇಡಂ ಬಸ್ಸು ಹಿಡಿದು ನಮ್ಮ ಮನೆಗೇ ಬಂದುಬಿಟ್ಟರು. ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ ಇದ್ದೆವು. ಅಪ್ಪ ತಮ್ಮ ವಾದವನ್ನೆಲ್ಲ ಹೇಳಿ ಮುಗಿಸುವವರೆಗೆ ಅವರು ಜಗಲಿಯಲ್ಲಿ ಕೂತು ಕಾಫಿ ಕುಡಿದರು. ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ನಿಂಗೆ ಓದ್ಬೇಕು ಅಂತ ಇದ್ಯನೇ?”

ಆವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೇಗೋ ‘ಇದೆ’ ಎಂದೆ. ಅಪ್ಪ ನನ್ನ ಮುಖವನ್ನೇ ನೋಡಿದರು. “ಹಂಗಾರೆ ಇನ್ನೊಂದ್ಸಲ ಬರೀಲಿ ಬಿಡಿ, ಮೇಡಂ” ಎಂದರು.

ಬರೆದೆ, ಪಾಸಾದೆ. ಈಗ ಸಾಗರದ ಕಾಲೇಜೊಂದರಲ್ಲಿ ಅದೇ ಸಿ ಭಾಷೆ ಕಲಿಸುತ್ತೇನೆ. ನಾನು ಉಣ್ಣುವ ಅನ್ನ ಮೇಡಂ ಕೊಟ್ಟದ್ದು ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಿವೃತ್ತರಾಗಿ ಮಂಡಗದ್ದೆಯಲ್ಲಿದ್ದಾರೆಂದು ತಿಳಿದು ಒಮ್ಮೆ ನೋಡಲು ಹೋಗಿದ್ದೆ. ಗುರುತು ಹಿಡಿದರು, ಕೈ ಹಿಡಿದು ಕೂರಿಸಿಕೊಂಡರು. ನಾನು ಆ ಭಾನುವಾರದ ಮಾತು ತೆಗೆದೆ.

“ನಾನು ನಿಮ್ಮನೆಗೆ ಬಂದಿದ್ನಾ? ನೆನಪೇ ಇಲ್ಲ ಕಣೆ.”

ಹೀಗೆ ಬಸ್ಸು ಹತ್ತಿ ಎಷ್ಟು ಮನೆಗಳಿಗೆ ಹೋಗಿದ್ದರೋ... ಯಾವುದನ್ನೆಂದು ನೆನಪಿಟ್ಟುಕೊಂಡಾರು. ನಾನು ಮೊದಲಿನಿಂದ ಎಲ್ಲ ಹೇಳಿದೆ. ಬೇರೆ ಯಾರದೋ ಉಪಕಾರದ ಸುದ್ದಿ ಕೇಳಿದವರ ಹಾಗೆ ಖುಷಿಪಟ್ಟು, ಒಳ್ಳೇದಾಯ್ತಲ್ಲ ಎಂದರು.

ಅವರು ಹೋಗಿ ಈ ಮಳೆಗಾಲಕ್ಕೆ ವರ್ಷವಾಯಿತು. ಅಪ್ಪನೂ ಈಗ ಇಲ್ಲ. ಆವತ್ತು ಜಗಲಿಯಲ್ಲಿ ಇದ್ದವರ ಪೈಕಿ ಉಳಿದವಳು ನಾನೊಬ್ಬಳೇ. ನಾನಂತೂ ಮರೆಯುವ ಹಾಗಿಲ್ಲ.