ಹೊಳೆಗೆ ಬಿಟ್ಟ ಹಾಳೆ

ನಮ್ಮ ಮನೆತನ ಮುಗಿಯಿತು ಎಂದು ಹೆಳವ ಹೇಳಿದಾಗ ನಾನು ಅವನ ಎದುರಿಗೇ ಕುಳಿತಿದ್ದೆ. ಹದಿನಾಲ್ಕು ವರ್ಷದವಳು, ಗಟ್ಟಿಮುಟ್ಟಾಗಿದ್ದೆ, ಆಗಷ್ಟೇ ಎರಡು ರೊಟ್ಟಿ ತಿಂದು ಕೈ ತೊಳೆದಿದ್ದೆ. ಆದರೂ ಮುಗಿಯಿತಂತೆ. ಆ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವಿದ್ದದ್ದು ಘಟ್ಟದ ಕೆಳಗಿನ ಕುಂಡಯಿಯಲ್ಲಿ, ಕಾರ್ಖಾನೆಗಳ ಹಿಂದಿನ ಇಳಿಜಾರಿನಲ್ಲಿ ತಗಡು ಹೊದಿಸಿದ ಸಾಲುಖೋಲಿಗಳಲ್ಲೊಂದರಲ್ಲಿ. ಅಪ್ಪ ಎರಡು ವರ್ಷದ ಹಿಂದೆ ಜ್ವರ ಬಂದು ತೀರಿಕೊಂಡಿದ್ದ. ಅವ್ವ ಕಟ್ಟಡಗಳಲ್ಲಿ ಕಾಂಕ್ರೀಟಿನ ಬುಟ್ಟಿ ಹೊರುತ್ತಿದ್ದಳು. ನಾನು ಒಬ್ಬಳೇ ಮಗಳು. ಪೇಟೆಯಲ್ಲಿ ನಮ್ಮನ್ನು ಘಾಟಿಗಳು ಎನ್ನುತ್ತಿದ್ದರು, ಘಟ್ಟದ ಮೇಲಿಂದ ಇಳಿದು ಬಂದವರು ಎಂದು. ಅನ್ನಲಿ ಬಿಡಿ, ಇಳಿದು ಬಂದದ್ದು ಖರೇ ತಾನೇ. ನಮಗೂ ಒಂದು ಊರಿದೆ, ಅಲ್ಲಿಯ ಪುಸ್ತಕದಲ್ಲಿ ನಮ್ಮ ಹೆಸರಿದೆ ಎಂಬ ಧೈರ್ಯ ನನಗಿತ್ತು.

ಆ ಪುಸ್ತಕ ಹೆಳವನದು. ಹೆಳವನೆಂದರೆ ನಮ್ಮ ವಿಜಾಪುರದ ಕಡೆ ರೈತರ ಮನೆತನಗಳ ಕಥೆ ಹೇಳುವವನು. ನಾಲ್ಕೈದು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕುಳಿತು ಬರುತ್ತಾನೆ, ಕಟ್ಟೆಯ ಮೇಲೆ ಕಂಬಳಿ ಹಾಸಿ ಮೂಲದವರಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳುತ್ತಾನೆ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಾನೆ. ಶುರು ಮಾಡಿದ ಮೇಲೆ ಕೊನೆಯ ಹೆಸರು ಬರುವವರೆಗೆ ಹೇಳುವವನು ನಿಲ್ಲಿಸುವಂತಿಲ್ಲ, ಕೇಳುವವರು ನಡುವೆ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ ಮನೆಯವರು ಮೊರದಲ್ಲಿ ಜೋಳ ತಂದು ಅವನ ಉಡಿಗೆ ಸುರಿಯುತ್ತಾರೆ. ಊರು ಬಿಟ್ಟು ಹೋದವರನ್ನೂ ಅವನು ಬಿಡುವವನಲ್ಲ. ಆ ವರ್ಷ ಎತ್ತನ್ನು ಊರಲ್ಲಿ ಕಟ್ಟಿ, ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬೆಳಗಾವಿ ಬಸ್ಸಿನಲ್ಲಿ ಬಂದಿದ್ದ.

ಕಟ್ಟೆ ಎಲ್ಲಿಂದ ತರುವುದು? ಅವ್ವ ಬಾಗಿಲೆದುರು ಖಾಲಿ ಸಿಮೆಂಟ್ ಚೀಲ ಹಾಸಿ ಅದರ ಮೇಲೆ ಕಂಬಳಿ ಹಾಕಿದಳು. ನಾನು ಶಾಲೆಯ ಭೂಗೋಳದ ವಹಿ ತಂದು, ಅವನು ಹೇಳಿದ್ದನ್ನು ಬರೆದುಕೊಳ್ಳತೊಡಗಿದೆ. ಅಪ್ಪ ಕನ್ನಡ ಅಕ್ಷರ ಕಲಿಸಿದ್ದ, ಆದರೆ ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಹೆಳವನ ಮಾತಿನ ಓಟಕ್ಕೆ ಕೈ ಸಾಗಬೇಕಾದರೆ ಮರಾಠಿ ಅಕ್ಷರವೇ ಗತಿ. ಕನ್ನಡ ಮಾತನ್ನೇ ಆ ಅಕ್ಷರದಲ್ಲಿ ಗೀಚಿದೆ.

ಕಥೆ ಸುಮಾರು ನೂರು ವರ್ಷದ ಹಿಂದಿನ, ರಾಣಿ ರೂಪಾಯಿ ನಡೆಯುತ್ತಿದ್ದ ಕಾಲದ ಗಂಡಹೆಂಡಿರಿಂದ ಶುರುವಾಯಿತು. ಡೋಣಿ ಹೊಳೆಯ ದಂಡೆಯಲ್ಲಿ ಕರಿ ಮಣ್ಣಿನ ಹೊಲ, ಹೊಳೆಯ ನೀರು ಉಪ್ಪು. ಹೊಲದ ಒಡೆಯನಿಗೆ ಒಬ್ಬಳೇ ಮಗಳು. ಅವಳಿಗೆ ಮನೆ ಅಳಿಯನನ್ನು ತಂದರು.

"ಅಳಿಯ ಬಂದಾನು ಬರಿಗೈಲೆ, ಒಂದ ಎತ್ತು ಹೊಡಕೊಂಡು. ಒಂದ ಎತ್ತು ಅವಂದು, ಒಂದ ಎತ್ತು ಅಕಿದು, ಒಂದ ನೊಗಕ್ಕ ಕಟ್ಟಿದ್ರು. ಸಿಹಿ ನೀರು ಸಿಗೂತನಕ ಮೂರು ಬಾವಿ ತೋಡಿದ್ರು," ಎಂದು ಹೆಳವ ರಾಗವಾಗಿ ಹೇಳಿದ. ಆ ಇಬ್ಬರೇ ನಮ್ಮ ಮೂಲಜ್ಜ, ಮೂಲಜ್ಜಿ. ಅವರ ಮಕ್ಕಳು, ಮೊಮ್ಮಕ್ಕಳು ಎಂದು ಹೇಳುತ್ತ ಕೊನೆಗೆ ನನ್ನ ಅಪ್ಪನ ಹೆಸರಿಗೆ ಬಂದು ನಿಲ್ಲಿಸಿದ. ನನ್ನ ವಹಿ ನೋಡಿ ನಕ್ಕ.

"ಬರಕೋ ತಂಗಿ, ಬರಕೋ. ನಾಳಿ ನೀನ ಹೆಳವ ಆಗಾಕಿ."

ಆಮೇಲೆ ಅವ್ವನ ಕಡೆ ತಿರುಗಿ, ಗಂಡು ಮಕ್ಕಳೆಷ್ಟು ಎಂದು ಕೇಳಿದ. ಇಲ್ಲ, ಇವಳೊಬ್ಬಳೇ ಎಂದಳು ಅವ್ವ. ಅವನು ನಿಟ್ಟುಸಿರು ಬಿಟ್ಟು ಲೇಖನಿಗೆ ಟೋಪಿ ಹಾಕಿದ.

"ಹಂಗಾದ್ರ ಈ ಮನಿ ಮುಗೀತವ್ವಾ. ಮುಚ್ಚೂದ ಇನ್ನ."

ಅವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಆ ದಿನ ದನಿ ಏರಿಸಲಿಲ್ಲ.

"ಸ್ವಲ್ಪ ನಿಂದರ್ರಿ ಅಜ್ಜಾರ. ಈಗ ನೀವ ಹೇಳಿದ್ರಲ್ಲ, ಮೂಲದ ಹೊಲ ಯಾರದ್ರಿ?"

"ಮೂಲಜ್ಜಿ ಅಪ್ಪಂದು."

"ಅವಂಗ ಗಂಡ ಮಕ್ಕಳಿದ್ರೇನ್ರಿ?"

"ಇರಲಿಲ್ಲ. ಮಗಳೊಬ್ಬಾಕಿ."

"ಮತ್ತ ಆ ಮನಿ ಅವತ್ತ ಯಾಕ ಮುಚ್ಚಲಿಲ್ಲರಿ?"

ಅವನು ಮೀಸೆ ತಿರುವಿದ. "ಅಳಿಯ ಬಂದಾ, ಅವನ ಹೆಸರಿಲೆ ನಡೀತು. ಹೆಣ್ಣಮಕ್ಕಳನ್ನ ಪುಸ್ತಕಕ್ಕ ಏರಿಸೂ ಪದ್ಧತಿ ಇಲ್ಲವ್ವಾ. ನಮ್ಮ ಅಪ್ಪ ಬರದಿಲ್ಲ, ನಮ್ಮ ಮುತ್ತ್ಯಾ ಬರದಿಲ್ಲ."

ಅವ್ವ ಒಳಗೆ ಹೋಗಿ ಮೊರದ ತುಂಬ ಜೋಳ ತಂದು ನನ್ನ ಕೈಗೆ ಕೊಟ್ಟಳು. ಅವನ ಉಡಿಗೆ ನಾನು ಸುರಿಯಬೇಕು, ಅವನು ಒಯ್ಯಬೇಕು. ಒಯ್ದರೆ ನಮ್ಮ ಮನೆ ಇದೆ ಎಂದು ಒಪ್ಪಿದ ಹಾಗೆ. ಅಕ್ಕಪಕ್ಕದ ಖೋಲಿಗಳವರೆಲ್ಲ ನೋಡುತ್ತಿದ್ದರು. ಅವನು ಉಡಿ ಒಡ್ಡಲಿಲ್ಲ. ಮುಚ್ಚಿದ ಮನೆಯ ಕಾಳು ಒಯ್ಯಬಾರದು ಎಂದ. ನಮ್ಮ ಹಾಳೆಯನ್ನು ಹೊಲಿಗೆಯಿಂದ ನಾಜೂಕಾಗಿ ಬಿಡಿಸಿ ಮಡಚಿದ. ಮುಗಿದ ಮನೆಯ ಹಾಳೆಯನ್ನು ಹರಿಯುವ ನೀರಿಗೆ ಬಿಡುವುದು ಅವನ ಹಿರಿಯರಿಂದ ಬಂದ ಪದ್ಧತಿಯಂತೆ. ಮರುದಿನ ಸಾಂಖಳಿಗೆ ಹೋಗುವವನಿದ್ದ, ಅಲ್ಲಿಯ ಹೊಳೆಯಲ್ಲಿ ಬಿಡುತ್ತೇನೆ ಎಂದು ನನ್ನ ಮುಖಕ್ಕೇ ಹೇಳಿ ಹೋದ.

ಘಾಟಿ ಎಂದವರ ಮೇಲೆ ಇಷ್ಟು ಸಿಟ್ಟು ಬಂದಿರಲಿಲ್ಲ. ಇಲ್ಲಿಯವರಿಗೆ ನಾವು ಅಲ್ಲಿಯವರು, ಅಲ್ಲಿಯವರಿಗೆ ನಾವು ಇಲ್ಲವೇ ಇಲ್ಲ. ಮೊರ ಹಿಡಿದುಕೊಂಡು ಬಾಗಿಲಲ್ಲೇ ಅತ್ತೆ. ಅವ್ವ ಮೊರ ಕಸಿದುಕೊಂಡು, "ಅಳೂದಾದ್ರ ಒಳಗ ಅಳು. ಜೋಳ ತೊಯ್ತಾವು," ಎಂದಳು. ಅದೇ ಜೋಳ ಬೀಸಿ ತಂದು ವಾರವಿಡೀ ರೊಟ್ಟಿ ತಿಂದೆವು.

ಆಮೇಲೆ ನನಗೆ ಹಠ ಹಿಡಿಯಿತು. ಅವನು ಬಿಟ್ಟವರನ್ನೆಲ್ಲ ನಾನು ಹುಡುಕಿ ಬರೆಯುತ್ತೇನೆ ಎಂದು ಕುಳಿತೆ. ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ವಾಳಪೈಯಲ್ಲಿ ಅಪ್ಪನ ಸೋದರತ್ತೆ ಇದ್ದಳು, ಹಲ್ಲಿಲ್ಲದ ಮುದುಕಿ, ನೆನಪು ಮಾತ್ರ ಗಟ್ಟಿ. ರಜೆ ಸಿಕ್ಕಾಗಲೆಲ್ಲ ವಹಿ ಹಿಡಿದು ಅವಳ ಮುಂದೆ ಕೂರುತ್ತಿದ್ದೆ. ಮೊದಮೊದಲು "ನಿನಗೇನು ಹುಚ್ಚ ಹಿಡದೈತೇನ?" ಎಂದು ಬೈಯುತ್ತಿದ್ದಳು. ಆಮೇಲೆ ನಾನು ಹೋಗದಿದ್ದರೆ ಹೇಳಿ ಕಳಿಸುತ್ತಿದ್ದಳು. ಒಂದೊಂದು ತಲೆಮಾರಿನ ಹೆಣ್ಣುಮಕ್ಕಳೂ ಅವಳ ಬಾಯಿಂದ ಹೊರಬಿದ್ದರು. ಯಾವ ಊರಿಗೆ ಕೊಟ್ಟಿದ್ದು, ಯಾರು ಬಾಣಂತನದಲ್ಲಿ ಹೋದಳು, ಯಾರು ಗಂಡನನ್ನು ಬಿಟ್ಟು ಬಂದಳು, ಎಲ್ಲವೂ. ಹುಟ್ಟಿದ ಸರದಿಯಲ್ಲೇ ಅಣ್ಣತಮ್ಮಂದಿರ ನಡುವೆ ಅವರನ್ನು ಸೇರಿಸಿದೆ.

ಮೂಲಜ್ಜಿಯ ಬಗ್ಗೆ ಹೆಳವ ಹೇಳದ ಒಂದು ಮಾತನ್ನೂ ಅವಳು ಹೇಳಿದಳು. ನಮ್ಮ ಕಡೆ ಬಿತ್ತುವಾಗ ಗಂಡಸು ಕೂರಿಗೆ ಹೊಡೆಯುತ್ತಾನೆ, ಹೆಂಗಸು ಹಿಂದಿನಿಂದ ಅದರ ಬಟ್ಟಲಿಗೆ ಬೀಜ ಬಿಡುತ್ತ ಬರುತ್ತಾಳೆ. ಅವರಲ್ಲಿ ಅದು ತಿರುಗುಮುರುಗು.

"ಅಕಿ ಮುಂದ ಕೂರಿಗಿ ಹೊಡೀತಿದ್ಲಂತ, ಅಂವ ಹಿಂದ ಬೀಜ ಬಿಡ್ತಿದ್ದನಂತ. ಅಕಿ ಎತ್ತು ಅಕಿ ಮಾತ ಅಷ್ಟ ಕೇಳತಿತ್ತು. ಊರ ಮಂದಿ ನಗತಿದ್ರು. ನಕ್ಕೊಂಡ ಹೋಗ್ರಿ, ಬೆಳಿ ಬಂದಾಗ ಬಂದು ನೋಡ್ರಿ ಅಂತಿದ್ಲಂತ."

ಆ ರಾತ್ರಿ ನಾನು ಊಟವನ್ನೂ ಮರೆತು ಅದನ್ನೇ ಮತ್ತೆ ಮತ್ತೆ ಓದಿದೆ. ಪೂರ್ತಿ ವಹಿ ನನಗೆ ಬಾಯಿಪಾಠವಾಗಿ ಹೋಯಿತು.

ತೊಂಬತ್ತರ ದಶಕದ ನಡುವೆ ಹೆಳವ ಮತ್ತೆ ಬಂದ. ಅಷ್ಟರಲ್ಲಿ ನಾನು ಕುಂಡಯಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದೆ. ಆ ದಿನ ರಜೆ. ಕಂಕುಳಲ್ಲಿ ಕೆಂಪು ಬಟ್ಟೆಯ ಗಂಟು, ಕೈಯಲ್ಲಿ ಜೋಳದ ಚೀಲ. ಅವ್ವ ಚಹಾ ಮಾಡಿ ಕೊಟ್ಟಳು. ಕುಡಿದು ಮುಗಿಸಿದವನು ನನ್ನ ಕಡೆ ನೋಡಿದ.

"ತಂಗಿ, ಆವಾಗ ನೀ ಬರಕೊಂಡಿದ್ದಿ ಅಲ್ಲ, ಆ ವಹಿ ಐತೇನವಾ?"

"ಐತ್ರಿ. ಯಾಕ್ರಿ, ಮುಗದ ಮನಿ ವಹಿ ನಿಮಗ್ಯಾಕ ಬೇಕು?"

ಅವನು ತಲೆ ತಗ್ಗಿಸಿ ಹೇಳಿದ. ಹೊಳೆಗೆ ಬಿಟ್ಟ ನಮ್ಮ ಹಾಳೆಯ ಹಿಂಬದಿಯಲ್ಲೇ ಮೂಲದವರಿದ್ದರು. ಮೂಲದ ಭಾಗ ಬಾಯಿಗೆ ಬರುತ್ತಿದ್ದುದರಿಂದ ಅವನು ಎಂದೂ ಆ ಬದಿ ತಿರುವಿ ನೋಡಿರಲಿಲ್ಲ. ಈಗ ನೆನಪು ಕೈ ಕೊಟ್ಟಿತ್ತು. ಊರಲ್ಲಿ ಅದೇ ಮೂಲದ ಬೇರೆ ಕವಲಿನವರಾದ ನಮ್ಮ ದೊಡ್ಡಪ್ಪಂದಿರ ಕಟ್ಟೆಯ ಮೇಲೆ ಕುಳಿತು ಬಾಯಿ ತೆರೆದರೆ ಮೊದಲ ಹೆಸರೇ ಬರಲಿಲ್ಲವಂತೆ. ಮೂಲವಿಲ್ಲದೆ ಯಾವ ಮನೆಯದನ್ನೂ ಹೇಳುವಂತಿಲ್ಲ. ನಮ್ಮನ್ನು ಮುಳುಗಿಸಲು ಹೋಗಿ ಇಡೀ ಬಳಗವನ್ನೇ ಮುಳುಗಿಸಿದ್ದ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ವಹಿ ತಂದು ಕೊಟ್ಟೆ. ಅದನ್ನು ಹತ್ತಿರ ಹಿಡಿದ, ದೂರ ಹಿಡಿದ.

"ಇವು ಯಾ ಅಕ್ಷರವಾ?"

"ಮರಾಠಿ ಅಕ್ಷರರೀ."

"ನನಗ ಬರೂದಿಲ್ಲ. ನೀನ ಹೇಳು, ನಾ ಬರಕೋತೇನಿ."

ಅವ್ವ ಒಳಗಿಂದ ಕಂಬಳಿ ತಂದು ಹಾಸಿದಳು, ಅವನಿಗಲ್ಲ, ನನಗೆ. ಅದರ ಮೇಲೆ ಕಾಲು ಮಡಚಿ ಕುಳಿತು ಶುರು ಮಾಡಿದೆ. ಬರಿಗೈಯ ಅಳಿಯ ಬಂದ, ಎರಡು ಎತ್ತು ಒಂದು ನೊಗಕ್ಕೆ ಬಿದ್ದವು, ಮೂರು ಬಾವಿ ತೋಡಿದ್ದಾಯಿತು. ಮೂಲಜ್ಜಿ ಕೂರಿಗೆ ಹೊಡೆದಳು ಎಂದಾಗ ಅವನು ತಲೆ ಎತ್ತಿದ, ಆದರೆ ಬರೆದ. ಮೊದಲನೆಯ ಹೆಣ್ಣುಮಗಳ ಹೆಸರು ಬಂದಾಗ ಲೇಖನಿ ನಿಂತಿತು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಹೇಗೆ ಹೊರಡಬೇಕು? ಹೇಳುವಾಗ ನಡುವೆ ಬಾಯಿ ಹಾಕುವಂತಿಲ್ಲ ಎಂಬುದು ಅವನದೇ ಕಟ್ಟಳೆ. ನಾನು ನಿಲ್ಲಿಸಲಿಲ್ಲ, ನಿಲ್ಲಿಸುವಂತೆಯೂ ಇರಲಿಲ್ಲ. ಹೆಸರು ಕೈ ತಪ್ಪಿದರೆ ಮತ್ತೆ ಸಿಗುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಬಗ್ಗಿ ಬರೆಯತೊಡಗಿದ.

ಅಪ್ಪನ ಹೆಸರು ಬಂತು. ಉಸಿರು ತೆಗೆದುಕೊಳ್ಳದೆ ಮುಂದುವರಿಸಿದೆ.

"ಅವನ ಹೊಟ್ಟೀಲೆ ಒಬ್ಬಾಕಿ ಮಗಳು, ಕುಂಡಯಿಯೊಳಗ ಅದಾಳ, ಮನಿ ಮುಂದ ನಡಸಾಕತ್ತಾಳ." ನನ್ನ ಹೆಸರು ಹೇಳಿ ನಿಲ್ಲಿಸಿದೆ.

ಅವನು ನನ್ನನ್ನು ನೋಡಿದ, ಅವ್ವನನ್ನು ನೋಡಿದ. ಆಮೇಲೆ ಬರೆದ. ಪುಸ್ತಕ ಕೈಗೆ ತೆಗೆದುಕೊಂಡು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದೆ. ಸರಿಯಾಗಿತ್ತು. ಕಣ್ಣು ತುಂಬಿತು, ಆದರೆ ಈ ಸಲ ಜೋಳ ತೊಯ್ಯುವ ಭಯವಿರಲಿಲ್ಲ.

ಪುಸ್ತಕ ಸುತ್ತಿಟ್ಟು ಅವನು ಅಭ್ಯಾಸದಂತೆ ಧೋತರದ ಉಡಿ ಒಡ್ಡಿ ಕಾದ. ನಾನು ಕಂಬಳಿ ಬಿಟ್ಟು ಏಳಲಿಲ್ಲ. ದುಪಟ್ಟಾ ತೊಡೆಯ ಮೇಲೆ ಹರಡಿ ಎರಡು ತುದಿ ಹಿಡಿದು ಅವನ ಮುಂದೆ ಒಡ್ಡಿದೆ.

"ಹೇಳಿದಾಕಿ ನಾನರಿ, ಅಜ್ಜಾರ."

ಅವನು ಒಡ್ಡಿದ ಉಡಿಯನ್ನು ಕೆಳಗೆ ಬಿಟ್ಟ. ಆಮೇಲೆ ಚೀಲದ ಬಾಯಿ ಬಿಚ್ಚಿದ. ನಮ್ಮ ದೊಡ್ಡಪ್ಪಂದಿರ ಊರಲ್ಲಿ ಎತ್ತಿ ತಂದ ಬಿಳಿ ಜೋಳ, ಒಂದು ಬೊಗಸೆ ತುಂಬಿ ನನ್ನ ಉಡಿಗೆ ಸುರಿದ. ಬಾಗಿಲಿಗೆ ಒರಗಿ ನಿಂತಿದ್ದ ಅವ್ವ ಆಗ ಬಾಯಿ ತೆರೆದಳು.

"ಇನ್ನೊಂದು ಬೊಗಸಿ ಹಾಕ್ರಿ. ಮನಿ ದೊಡ್ಡದೈತಿ."