ಕಾರ್ಡಿನ ಗುರುಪಾದಪ್ಪ

ಗುರುಪಾದಪ್ಪನವರು ಟಪಾಲು ಕಾರ್ಡು ಬರೆಯುವ ಮೊದಲು ಅದಕ್ಕೆ ಸೂಜಿ ಚುಚ್ಚುತ್ತಿದ್ದರು. ಸೀರೆ ಇಳಿದ ಮೇಲೆ ಮಗ್ಗದಲ್ಲಿ ಉಳಿದ ದಡಿಯ, ಅಂದರೆ ಅಂಚಿನ, ರೇಷ್ಮೆ ಎಳೆಯೊಂದನ್ನು ಹಲ್ಲಿನಿಂದ ಕಡಿದು, ಕಾರ್ಡಿನ ಮೂಲೆಯ ತೂತಿನಲ್ಲಿ ಪೋಣಿಸಿ, ಹಿಂದೆ ಗಂಟು ಹಾಕುತ್ತಿದ್ದರು. ನಾಲಿಗೆಗೆ ಹಚ್ಚಿದ ಹೆಬ್ಬೆರಳಿನಿಂದ ಆ ಎಳೆಯನ್ನು ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೆರಳಿಗೆ ಬಣ್ಣ ಹತ್ತದಿದ್ದರೆ ಮಾತ್ರ ಟಾಕು ಮಸಿಗೆ ಇಳಿಯುತ್ತಿತ್ತು. ಹತ್ತಿದರೆ ಆ ದಿನ ಕಾರ್ಡಿಲ್ಲ. ಬಣ್ಣಗಾರನ ಮನೆಗೆ ಹೋಗಿ ಜಗಳ.

ರಬಕವಿಯಲ್ಲಿ ಅವರನ್ನು ಎಲ್ಲರೂ ಕಾರ್ಡಿನ ಗುರುಪಾದಪ್ಪ ಎಂದೇ ಕರೆಯುತ್ತಿದ್ದರು. ಸೀರೆ ವ್ಯಾಪಾರಿ ರಾಚಪ್ಪ ಸಾಹುಕಾರರ ಪೇಢಿಯಲ್ಲಿ ಅವರು ಗುಮಾಸ್ತರು. ಊರ ತುಂಬ ಮಗ್ಗ, ಪಕ್ಕದ ಬನಹಟ್ಟಿಯ ತುಂಬ ಮಗ್ಗ. ಸೀರೆಗೆ ಕೊರತೆ ಇರಲಿಲ್ಲ, ಕೊಳ್ಳುವ ದೊಡ್ಡ ಕೈಗಳಿಗೆ ಕೊರತೆ. ಪುಣೆ, ಸೊಲ್ಲಾಪುರಗಳ ದೊಡ್ಡ ಅಂಗಡಿಯವರು ನಮ್ಮ ಸಂಸ್ಥಾನಗಳ ಊರುಗಳಿಗೆ ತಾವಾಗಿ ಬರುತ್ತಿರಲಿಲ್ಲ. ಉಳಿದ ವ್ಯಾಪಾರಿಗಳು ಗಂಟು ಹೊತ್ತು ಅವರ ಬಾಗಿಲಿಗೆ ಹೋಗಿ, ಮೆಟ್ಟಿಲ ಮೇಲೆ ಕಾಯ್ದು ಬರುತ್ತಿದ್ದರು. ಗುರುಪಾದಪ್ಪ ಹೋಗುತ್ತಿರಲಿಲ್ಲ. ಬರೆಯುತ್ತಿದ್ದರು.

ನಾನು ಆಗ ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಊರ ಸುದ್ದಿ ಕಳಿಸುತ್ತಿದ್ದೆ. ನೂಲಿನ ಧಾರಣೆ ಕೇಳಲು ಆ ಪೇಢಿಗೆ ಹೋಗುವುದು ರೂಢಿ. ಅವರು ಯಾರಿಗೆ ಬರೆಯಬೇಕೆಂದು ಹೇಗೆ ಆರಿಸುತ್ತಾರೆಂದು ಒಮ್ಮೆ ಕೇಳಿದೆ. ಮಾಲಿನ ಚಕ್ಕಡಿಯ ಜೊತೆ ಅವರು ಕುಡಚಿ ಸ್ಟೇಷನ್ನಿಗೆ ಹೋಗಿ, ಗೂಡ್ಸ್ ಶೆಡ್ಡಿನಲ್ಲಿ ಬೇರೆಯವರ ಗಂಟುಗಳ ಮೇಲಿನ ವಿಳಾಸಗಳನ್ನು ಓದಿಕೊಂಡು ಬರುತ್ತಿದ್ದರಂತೆ. ಯಾವ ಹೆಸರಿಗೆ ಅತಿ ದೊಡ್ಡ ಗಂಟು ಹೋಗುತ್ತದೆಯೋ ಆ ಒಂದು ಹೆಸರು ಸಾಕು.

"ಹತ್ತು ಅಂಗಡಿಗೆ ಒಂದೊಂದು ಕಾರ್ಡ ಬರದ್ರ ಹತ್ತೂ ಕಸದಾಗ ಹೋಗತಾವು ತಮ್ಮಾ. ಒಬ್ಬಾಂವಗs ಹತ್ತು ಬರದ್ರ, ಹನ್ನೊಂದನೇದಕ್ಕ ಅಂವಾ ಟಪಾಲಿನಂವನ ದಾರಿ ನೋಡತಾನ."

"ಲಕೋಟೆಯೊಳಗೆ ಬರೀಬಾರದೇನು ಕಾಕಾ? ಮರ್ಯಾದಿ ಇರತದ."

"ಲಕೋಟಿ ಶೇಠ ಒಬ್ಬನs ಒಡೀತಾನ. ಕಾರ್ಡ ಹಂಗಲ್ಲ. ಟಪಾಲಿನಂವ ಓದತಾನ, ಮುನೀಮ ಓದತಾನ, ಅಂಗಡ್ಯಾಗ ಕುಂತ ಗಿರಾಕಿ ಓದತಾನ. ಆಮ್ಯಾಲ ಅವರೆಲ್ಲಾ ಕೂಡಿ ಶೇಠನ್ನ ಕೇಳತಾರ, ಏನ್ರಿ, ರಬಕವಿಯವರ ಮಾಲು ಯಾವಾಗ ಬರತದ ಅಂತ."

ಕಾರ್ಡಿನಲ್ಲಿ ಅವರು ಎಂದೂ ಮಾಲು ಕೊಳ್ಳಿರೆಂದು ಕೇಳುತ್ತಿರಲಿಲ್ಲ. ಪುಣೆಯ ಒಬ್ಬ ದೊಡ್ಡ ಶೇಠರಿಗೆ ಬರೆದ ಒಂದು ಕಾರ್ಡನ್ನು ನನಗೆ ಓದಿ ಹೇಳಿದ್ದು ನೆನಪಿದೆ. ಬರಹ ಮರಾಠಿಯಲ್ಲಿತ್ತು. ಇಲ್ಲಿ ಮೋಡ ಕವಿದಿದೆ, ಬಣ್ಣದ ನೂಲು ನೆರಳಲ್ಲೇ ಒಣಗಲೆಂದು ಬಿಟ್ಟಿದ್ದೇವೆ, ಅವಸರ ಮಾಡಿದರೆ ಕೆಂಪು ಮಾಸುತ್ತದೆ. ನಮ್ಮ ತಾಯಿಗೆ ಈಗ ಕಣ್ಣು ಕಾಣುವುದಿಲ್ಲ. ಆದರೂ ದಡಿಯ ಮೇಲೆ ಬೆರಳಾಡಿಸಿ ಇದು ಯಾರ ಮಗ್ಗದ್ದೆಂದು ಹೇಳುತ್ತಾಳೆ. ಇಷ್ಟೇ. ಕೆಳಗೆ ರಾಚಪ್ಪ ಸಾಹುಕಾರರ ಸಹಿ.

"ಕಾಕಾ, ಸಾವಕಾರ್ರ ತಾಯಿ ತೀರಿಕೊಂಡು ಭಾಳ ದಿನಾ ಆತಲ್ಲ?" ಎಂದೆ.

"ನನ್ನವ್ವ ಅದಾಳಲ್ಲೋ. ಕಣ್ಣು ಕಾಣಾಂಗಿಲ್ಲ ಅನ್ನೂದು ಖರೇನ ಐತಿ."

ರಾಚಪ್ಪನವರಿಗೆ ಮರಾಠಿ ಮಾತು ತಿಳಿಯುತ್ತಿತ್ತು, ಓದುಬರಹ ಸಹಿಗಿಂತ ಹೆಚ್ಚಿಗೆ ಬರುತ್ತಿರಲಿಲ್ಲ. ಕಾರ್ಡಿನಲ್ಲಿ ಏನಿದೆಯೆಂದು ಕೇಳುತ್ತಲೂ ಇರಲಿಲ್ಲ. ನೇಕಾರರ ಕೂಲಿಗೆ ಚೌಕಾಸಿ ಮಾಡುವ, ಎಲೆಯಡಿಕೆಯ ಡಬ್ಬಿಯನ್ನು ಯಾರ ಮುಂದೂ ತೆರೆಯದ ಆ ಮನುಷ್ಯ ಕಾರ್ಡುಗಳಲ್ಲಿ ಸಾವಧಾನದ, ಸಂಕೋಚದ, ತಾಯಿಯನ್ನು ನೆನೆಯುವ ಗೃಹಸ್ಥನಾಗಿದ್ದ. ಪುಣೆಯ ಶೇಠರು ಆ ಗೃಹಸ್ಥನಿಗೆ ಮೊದಲು ಉತ್ತರ ಬರೆದರು, ನಂತರ ಮಾಲು ತರಿಸಿದರು, ಕೊನೆಗೆ ಬೇರೆ ಊರಿನವರಿಂದ ತರಿಸುವುದನ್ನೇ ಬಿಟ್ಟರು. ಪೇಢಿಗೆ ಮಾಳಿಗೆ ಬಂತು.

ಗುರುಪಾದಪ್ಪನವರಿಗೆ ಬೇಕಾಗಿದ್ದದ್ದು ಒಂದೇ. ಪೇಢಿಯಲ್ಲಿ ಪಾಲು, ಬೋರ್ಡಿನ ಮೇಲೆ ರಾಚಪ್ಪನವರ ಹೆಸರಿನ ಪಕ್ಕದಲ್ಲಿ ತಮ್ಮ ಹೆಸರು. ರಾಚಪ್ಪನವರು ಅದನ್ನು ಒಪ್ಪಿಕೊಂಡಿದ್ದರು. ಪ್ರತಿ ದೀಪಾವಳಿಗೆ ಪೂಜೆ ಮುಗಿಸಿ, "ಈ ವರ್ಷ ಒಂದು ಹೋಗಲಿ ಗುರಪಾದಾ, ಬರೂ ವರ್ಷ ಬಣ್ಣದಂವನ ಕರಸಿ ಬೋರ್ಡ ಬರಸೋಣು" ಎನ್ನುತ್ತಿದ್ದರು. ಗುರುಪಾದಪ್ಪ ಅದನ್ನು ಹೆಂಡತಿಗೆ ಹೇಳುತ್ತಿದ್ದರು, ನನಗೂ ಹೇಳುತ್ತಿದ್ದರು.

ಆ ನಡುವೆ ಅವರ ಮಗಳು ಗಂಗವ್ವ ವಿಷಮಜ್ವರದಿಂದ ತೀರಿಕೊಂಡಳು. ಮದುವೆ ಗೊತ್ತಾಗಿದ್ದ ಹುಡುಗಿ. ಗುರುಪಾದಪ್ಪ ಪೇಢಿಗೆ ಬರದ ಆ ದಿನಗಳಲ್ಲಿ ಪುಣೆಯ ಗಂಟು ಕಟ್ಟುವವರಿರಲಿಲ್ಲ. ಮರಳಿ ಬಂದ ದಿನ ಅವರು ಮೊದಲು ಮಾಡಿದ್ದು ಶೇಠರಿಗೆ ತಡವಾದುದಕ್ಕೆ ಕಾರಣ ಬರೆದದ್ದು. ನನ್ನ ಮಗಳು ತೀರಿಕೊಂಡಳು, ಅದಕ್ಕೆ ಮಾಲು ತಡವಾಯಿತು, ಕ್ಷಮೆ ಇರಲಿ. ಬರೆದು, ಎಂದಿನಂತೆ ರಾಚಪ್ಪನವರ ಮುಂದೆ ಸರಿಸಿದರು. ಅವರು ಎಂದಿನಂತೆ ಸಹಿ ಹಾಕಿದರು. ಕಾರ್ಡು ಟಪಾಲಿಗೆ ಹೋಯಿತು.

"ಕೈ ತಾನs ಬರೀತು" ಎಂದು ಆಮೇಲೆ ನನಗೆ ಹೇಳಿದರು. "ನನ್ನ ಮಗಳು ಅಂತ ಬರದೆ. ಆ ಕಾರ್ಡಿನ್ಯಾಗ ನಾನು ಅಂದ್ರ ಸಾವಕಾರ ಅನ್ನೂದು ನೆಪ್ಪs ಹಾರಿತು."

ಶೇಠರು ಉತ್ತರ ಬರೆಯಲಿಲ್ಲ. ತಾವೇ ಬಂದರು. ಅವರೂ ಮಗಳನ್ನು ಕಳೆದುಕೊಂಡವರಂತೆ. ಕುಡಚಿಯಲ್ಲಿ ರೈಲು ಇಳಿದು, ತೇರದಾಳದ ಹಾದಿಯಲ್ಲಿ ಟಾಂಗಾದಲ್ಲಿ ಧೂಳು ತಿಂದು ಪೇಢಿಯ ಮುಂದೆ ಇಳಿದಾಗ ನಾನು ಅಲ್ಲೇ ಇದ್ದೆ. ಅವರು ನೇರ ರಾಚಪ್ಪನವರ ಎರಡೂ ಕೈ ಹಿಡಿದುಕೊಂಡು ಮಗಳ ಹೆಸರೇನೆಂದು ಕೇಳಿದರು.

ರಾಚಪ್ಪನವರು ಗುರುಪಾದಪ್ಪನ ಮುಖ ನೋಡಿದರು. ಏನಾಗಿದೆಯೆಂದು ಅವರಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಗಂಗವ್ವ" ಎಂದರು, ತಲೆ ತಗ್ಗಿಸಿ.

ರಾಚಪ್ಪನವರ ಸ್ವಂತ ಮಗಳು ಪೇಢಿಯ ಹಿಂದಿನ ಮನೆಯೊಳಗೆ ಗಟ್ಟಿಮುಟ್ಟಾಗಿದ್ದಳು. ಅವಳನ್ನು ಉಪ್ಪಿನಕಾಯಿ ಜಾಡಿಗಳ ಕೋಣೆಯಲ್ಲಿ ಕೂಡಿಸಿ ಚಿಲಕ ಹಾಕಿಸಿದರು. ನಡುವೆ ಒಮ್ಮೆ ಒಳಗಿಂದ ಅವಳು ಕಿಲಕಿಲ ನಕ್ಕದ್ದು ಕೇಳಿಸಿತು. "ಬಾಜೂ ಮನಿ ಹುಡುಗಿ" ಎಂದರು ರಾಚಪ್ಪನವರು. ಶೇಠರು ಅವರಿಗೆ ಒಂದು ಶಾಲು ಹೊದಿಸಿದರು, ಕಣ್ಣೊರೆಸಿಕೊಂಡರು, ಮುಂದಿನ ಹಂಗಾಮಿನ ಮಾಲಿಗೆಲ್ಲ ಅಲ್ಲೇ ಮಾತು ಕೊಟ್ಟರು. ಗುರುಪಾದಪ್ಪ ಚಹಾದ ತಾಟು ಹಿಡಿದುಕೊಂಡು ನಿಂತಿದ್ದರು. ಶೇಠರು ಬಟ್ಟಲು ತೆಗೆದುಕೊಳ್ಳುವಾಗ ಅವರ ಕಡೆ ನೋಡಲಿಲ್ಲ.

ಆ ದೀಪಾವಳಿಗೆ ಗುರುಪಾದಪ್ಪ ತಾವಾಗಿ ಪಾಲಿನ ಮಾತು ತೆಗೆದರು.

"ಬರಿಯೂದು ನಿನ್ನ ಕೆಲಸಾ. ಅದಕ್ಕ ಪಗಾರಾ ಕೊಟ್ಟೇನಿ. ಶೇಠ ಬಂದಿದ್ದು ನನ್ನ ಹೆಸರಿಗೆ, ನಿನ್ನ ಅಕ್ಷರಕ್ಕಲ್ಲ."

"ಶೇಠ ಬಂದಿದ್ದು ನನ್ನ ಮಗಳು ಸತ್ತಿದ್ದಕ್ಕರಿ, ಸಾವಕಾರ್ರ."

"ಹಂಗಾರ ಹೋಗಿ ಹೇಳು. ನಂಬತಾನೇನು ನೋಡು."

ಗುರುಪಾದಪ್ಪ ಕೆಲಸ ಬಿಟ್ಟರು. ಹೆಂಡತಿಯ ಬಳೆ ಒತ್ತೆಯಿಟ್ಟು, ಬನಹಟ್ಟಿಯಲ್ಲಿ ಕೆಲವು ಮಗ್ಗಗಳವರೊಂದಿಗೆ ಮಾತಾಡಿ ಸ್ವಂತ ವ್ಯಾಪಾರ ಹೂಡಿದರು. ಮೊದಲ ಸೀರೆಗಳು ಇಳಿದ ದಿನ ಪುಣೆಯ ಶೇಠರಿಗೆ ಕಾರ್ಡು ಬರೆದರು. ಅದೇ ಸೂಜಿ, ಅದೇ ಗಂಟು, ಅದೇ ಅಕ್ಷರ. ಕೆಳಗೆ ಮೊದಲ ಸಲ ತಮ್ಮ ಹೆಸರು.

ಉತ್ತರ ಅವರಿಗೆ ಬರಲಿಲ್ಲ, ರಾಚಪ್ಪನವರಿಗೆ ಬಂತು. ನಿಮ್ಮ ಕೈಬರಹವನ್ನು, ನಿಮ್ಮ ರೀತಿಯನ್ನು ಯಾವನೋ ಒಬ್ಬ ನಕಲು ಮಾಡಿ ನಿಮ್ಮ ಗಿರಾಕಿಗಳನ್ನು ಒಡೆಯುತ್ತಿದ್ದಾನೆ, ಎಚ್ಚರದಿಂದಿರಿ ಎಂದು ಶೇಠರು ಕಾರ್ಡಿನಲ್ಲಿಯೇ ಬರೆದಿದ್ದರು. ಟಪಾಲಿನವನು ಓದಿದ. ಪೇಢಿಗೆ ಮುಟ್ಟುವ ಮೊದಲೇ ಪೇಟೆ ಓದಿತ್ತು. ಸಂಜೆ ಚಹಾದ ಅಂಗಡಿಯ ಮುಂದೆ ಬಣ್ಣಗಾರನೊಬ್ಬ, ಹಳೆಯ ಜಗಳಗಳ ಸಿಟ್ಟೋ ಏನೋ, "ಏನಪಾ ಗುರಪಾದಾ, ನಿನ್ನ ಅಕ್ಷರಾ ನೀನs ಕದ್ದೆಂತ?" ಎಂದು ಕೂಗಿದ. ಕುಳಿತವರು ನಕ್ಕರು. ಅವರಲ್ಲಿ ಗುರುಪಾದಪ್ಪನವರು ಆ ಕಾರ್ಡು ಬರೆಯುವುದನ್ನು ವರ್ಷಗಟ್ಟಲೆ ಕಂಡವರೇ ಹೆಚ್ಚು. ಒಬ್ಬರೂ ಪುಣೆಗೆ ಒಂದು ಸಾಲು ಬರೆಯಲಿಲ್ಲ. ಮಗ್ಗಗಳಿಗೆ ರಾಚಪ್ಪನವರು ಕೊಡುವ ನೂಲು ಎಲ್ಲರಿಗೂ ಬೇಕಾಗಿತ್ತು.

ಅಷ್ಟರಲ್ಲಿ ನನಗೆ ಪುಣೆಯ ಒಂದು ಪತ್ರಿಕೆಯಲ್ಲಿ ಕೆಲಸ ಸಿಕ್ಕಿತ್ತು. ಗುರುಪಾದಪ್ಪ ಅಲ್ಲಿಗೆ ಬಂದರು. ಗಂಟು ತಂದಿರಲಿಲ್ಲ. ನಾವಿಬ್ಬರೂ ಶೇಠರ ಅಂಗಡಿಗೆ ಹೋದೆವು. ಶೇಠರು ಒಳ್ಳೆಯವರು, ಕೂಡಿಸಿದರು, ನೀರು ಕೊಡಿಸಿದರು, ಪೂರ್ತಿ ಕೇಳಿದರು. ಮುನೀಮನಿಂದ ಒಂದು ಖಾಲಿ ಕಾರ್ಡು ತರಿಸಿ ಮುಂದಿಟ್ಟರು. ಗುರುಪಾದಪ್ಪ ಬರೆದರು. ಶೇಠರು ಬಹಳ ಹೊತ್ತು ಆ ಬರಹ ನೋಡಿದರು.

"ನಂಬಿದೆ" ಎಂದರು. ಅವರ ಮಾತು ಮರಾಠಿಯಲ್ಲಿತ್ತು, ಅರ್ಥವನ್ನಷ್ಟೇ ಕೊಡುತ್ತೇನೆ. "ಹಾಗಾದರೆ ಆ ಕುರುಡು ತಾಯಿ ಯಾರು?"

"ನನ್ನ ತಾಯಿ."

"ತೀರಿಕೊಂಡ ಮಗಳು?"

"ನನ್ನ ಮಗಳು."

"ನಾನು ರಾಚಪ್ಪನ ಕೈ ಹಿಡಿದು ಅಳುವಾಗ ನೀವು ಎಲ್ಲಿದ್ದಿರಿ?"

"ಅಲ್ಲೇ ಇದ್ದೆ. ನಿಮಗೆ ಚಹಾ ಕೊಟ್ಟೆ."

ಶೇಠರ ಮುಖ ಬಿಗಿಯಿತು. "ರಾಚಪ್ಪ ಸುಳ್ಳ. ಅದು ಈಗ ಗೊತ್ತಾಯಿತು. ಆದರೆ ಸ್ವಂತ ಮಗಳ ಸಾವನ್ನು ಇನ್ನೊಬ್ಬನ ಹೆಸರಿಗೆ ಬಿಟ್ಟುಕೊಟ್ಟು ಸುಮ್ಮನೆ ನಿಂತ ಮನುಷ್ಯನನ್ನು ನಾನು ಏನೆಂದು ತಿಳಿಯಲಿ? ನಾಳೆ ನೀವು ನಿಮ್ಮ ಹೆಸರಿನಲ್ಲಿ ಬರೆದರೂ ಅದು ಯಾರ ಮಾತೆಂದು ನನಗೆ ಹೇಗೆ ಗೊತ್ತಾಗಬೇಕು?"

ರಾಚಪ್ಪನ ಜೊತೆ ವ್ಯವಹಾರ ಬಿಡುತ್ತೀರಾ ಎಂದು ನಾನು ಕೇಳಿದೆ. ಶೇಠರು ಕಪಾಟುಗಳ ಕಡೆ ಕೈ ಮಾಡಿದರು. ಅವು ರಬಕವಿಯ ಸೀರೆಗಳಿಂದ ತುಂಬಿದ್ದವು. ಗಿರಾಕಿಗಳು ಆ ದಡಿಯನ್ನೇ ಕೇಳುತ್ತಾರೆ, ಏನು ಮಾಡಲಿ ಎಂದರು. ಇನ್ನು ಕಾರ್ಡು ಬೇಡ, ಬರೀ ಮಾಲು ಕಳಿಸಲಿ ಎಂದು ಮುನೀಮನಿಗೆ ಹೇಳಿ ರಾಚಪ್ಪನಿಗೆ ಬರೆಯಿಸಿದರು. ನಮ್ಮನ್ನು ಬಾಗಿಲವರೆಗೆ ಬಂದು ಕಳಿಸಿದರು.

ಬೀದಿಯಲ್ಲಿ ಗುರುಪಾದಪ್ಪ ಒಂದೇ ಮಾತು ಆಡಿದರು. "ಶೇಠ ಹೇಳಿದ್ದು ಸುಳ್ಳಲ್ಲ ತಮ್ಮಾ. ಅವತ್ತ ನಾ ತಾಟು ಕೆಳಗ ಇಡಬೇಕಾಗಿತ್ತು."

ಬನಹಟ್ಟಿಯ ವ್ಯಾಪಾರ ನಿಂತಿತು. ಬಳೆ ಮರಳಿ ಬರಲಿಲ್ಲ. ಇತ್ತ ರಾಚಪ್ಪನವರು ಇಟ್ಟುಕೊಂಡ ಹೊಸ ಗುಮಾಸ್ತನ ಕಾರ್ಡುಗಳಿಗೆ ಸೊಲ್ಲಾಪುರದಿಂದಾಗಲಿ ಬೇರೆಡೆಯಿಂದಾಗಲಿ ಉತ್ತರ ಬರುತ್ತಿರಲಿಲ್ಲ. ಅವರೇ ಹೇಳಿ ಕಳಿಸಿದರು, ಗುರುಪಾದಪ್ಪ ಹೋಗಿ ಹಳೆಯ ಜಾಗದಲ್ಲಿ ಕುಳಿತರು. ಇದು ನನಗೆ ಊರಿನವರಿಂದ ತಿಳಿದದ್ದು.

ಸಂಸ್ಥಾನಗಳು ವಿಲೀನವಾದ ವರ್ಷ ವರದಿಗಾಗಿ ಜಮಖಂಡಿ, ಮುಧೋಳ ಸುತ್ತಿ ರಬಕವಿಗೆ ಬಂದೆ. ರಾಚಪ್ಪನವರು ಹಾಸಿಗೆ ಹಿಡಿದಿದ್ದರು. ಗಾದಿಯ ಮೇಲೆ ಅವರ ಮಗನಿದ್ದ. ಗುರುಪಾದಪ್ಪ ಗೋಡೆಗೊರಗಿ ಬರೆಯುತ್ತಿದ್ದರು. ತುಂಬಾ ಇಳಿದಿದ್ದರು. ಕಾರ್ಡಿನ ಮೂಲೆಯಲ್ಲಿ ಎಳೆ ಇರಲಿಲ್ಲ.

"ನೀವರೆ ಹೇಳ್ರಿ ಇವರಿಗೆ" ಎಂದು ಮಗ ನನ್ನ ಹತ್ತಿರ ದೂರಿದ. "ಮೊದಲಿನಂಗ ಬರೀರಿ ಅಂದ್ರ ಬರಿಯಾಂಗಿಲ್ಲ. ಮಾಲು ಕಳಿಸೇವಿ, ಮುಟ್ಟಿದ್ದಕ್ಕ ಬರೀರಿ. ಕಾರ್ಡಿನ್ಯಾಗ ಇಷ್ಟs ಇರತದ. ಇದನ್ನ ಓದಿ ಯಾವ ದೊಡ್ಡ ಗಿರಾಕಿ ಬರತಾನ್ರಿ?"

"ಯಾಕ ಕಾಕಾ?" ಎಂದೆ.

ಗುರುಪಾದಪ್ಪ ತಲೆ ಎತ್ತಲಿಲ್ಲ. "ಸಾವಕಾರ್ರು ಹೇಳಿದ್ದು ಬರೀತೀನಪಾ. ಅವರಿಗೆ ಹೇಳಾಕ ಅಷ್ಟs ಐತಿ."

ಬರೆದ ಕಾರ್ಡನ್ನು ಸಹಿಗಾಗಿ ಮಾಲೀಕನ ಮುಂದೆ ಸರಿಸಿದರು. ಅವನು ಸಹಿ ಹಾಕುವವರೆಗೆ ಕೈ ಕಟ್ಟಿಕೊಂಡು ಕಾಯ್ದರು.